ಶಾಲೆಯ ಹಿತ್ತಿಲಲ್ಲಿ ಎರಡು ಗುಂಟೆ ಕಾಡು

ನಮ್ಮೂರ ಸರ್ಕಾರಿ ಶಾಲೆಯಲ್ಲಿ 2017ರ ವನಮಹೋತ್ಸವಕ್ಕೆ ಗುಂಡಿ ತೆಗೆದವರಲ್ಲಿ ನಾನೂ ಒಬ್ಬ. ಅರವತ್ತು ಗುಂಡಿ, ಅರವತ್ತು ಸಸಿ. ಭಾಷಣ ಆಯಿತು, ಕಡ್ಲೆಪುರಿ ಹಂಚಿದ್ದಾಯಿತು, ಫೋಟೋನೂ ಆಯಿತು. ಮಾರನೇ ವರ್ಷ ಜೂನ್‌ನಲ್ಲಿ ಶಾಲೆ ಬಾಗಿಲು ತೆರೆದಾಗ ಹೋಗಿ ಎಣಿಸಿದೆ. ಉಳಿದದ್ದು ನಾಲ್ಕು.

"ಅದೇ ಗುಂಡೀಲಿ ಈ ಸಲನೂ ನೆಡೋಣ ಕನಣ್ಣ, ಹೊಸದಾಗಿ ತೆಗೆಯೋ ಕೆಲ್ಸ ತಪ್ತದೆ" ಅಂದರು ಜೊತೆಗಿದ್ದ ಒಬ್ಬರು. ತಮಾಷೆಗೆ ಹೇಳಿದ್ದಲ್ಲ. ಊರೂರಲ್ಲಿ ನಡೆಯುವುದೇ ಹಾಗೆ.

ನಾನು ಮೂರೆಕರೆಯ ರೈತ. ನಂಜನಗೂಡು ಮತ್ತು ತಿ.ನರಸೀಪುರ ತಾಲ್ಲೂಕುಗಳ ಗಡಿಯ ಹತ್ತಿರ ನಮ್ಮೂರು. ಒಂದೆಕರೆಗೆ ಕಬಿನಿ ನಾಲೆಯ ನೀರು, ಉಳಿದದ್ದು ರಾಗಿ, ಅವರೆ, ಹುರುಳಿ ಬೆಳೆಯುವ ಕೆಂಪು ಹೊಲ. ರಾಗಿ ಪೈರು ಶೇಕಡಾ 90ರಷ್ಟು ಸತ್ತರೆ ಯಾವ ರೈತನೂ ಕಾರಣ ಹುಡುಕದೆ ಮತ್ತೆ ಅದೇ ಥರ ನಾಟಿ ಮಾಡುವುದಿಲ್ಲ. ಶಾಲೆಯ ಗಿಡಕ್ಕೆ ಮಾತ್ರ ಯಾಕೆ ಮಾಡುತ್ತೇವೆ? ಈ ಪ್ರಶ್ನೆ ಹಿಡಿದು ಹೊರಟು, ಎಂಟು ವರ್ಷದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮೂರ ಶಾಲೆಗೆ ಉಪಯೋಗಕ್ಕೆ ಬಂದೀತು.

ಗಿಡ ಸತ್ತದ್ದು ಯಾಕೆ?

ನಾನೂ ಹೆಡ್‌ಮೇಷ್ಟ್ರೂ ಒಂದು ಸಂಜೆ ಕೂತು ಕಾರಣ ಬರೆದೆವು.

ಒಂದು, ಬೇಸಿಗೆ ರಜ. ಏಪ್ರಿಲ್ ಎರಡನೇ ವಾರ ಮಕ್ಕಳು ಹೋದರೆ ಮೇ ಕೊನೆಗೇ ಬರುವುದು. ಗಿಡಕ್ಕೆ ನೀರು ಬೇಕಾದ್ದು ಆಗಲೇ.

ಎರಡು, ನೆಲ. ಐವತ್ತು ವರ್ಷ ಮಕ್ಕಳು ಓಡಾಡಿ ಗಟ್ಟಿಯಾದ ಮರಂ ನೆಲ. ಒಂದಡಿ ಗುಂಡಿ ಅಂದರೆ ಸಸಿಗೆ ಕುಂಡ ಇದ್ದ ಹಾಗೆ. ಬೇರು ಆಚೆ ಹೋಗಲಾರದು.

ಮೂರು, ಮೇಕೆ. ಇದಕ್ಕೆ ವಿವರಣೆ ಬೇಡ.

ನಾಲ್ಕನೆಯದನ್ನು ಹೇಳಿದ್ದು ಮೇಷ್ಟ್ರು: "ಗಿಡ ಮಕ್ಕಳದಾಗಿರಲಿಲ್ಲ. ಲಾರೀಲಿ ಬಂತು, ದೊಡ್ಡೋರು ನೆಟ್ಟರು, ಮಕ್ಕಳು ಚಪ್ಪಾಳೆ ತಟ್ಟಿದರು. ಅದರ ಹೆಸರೂ ಅವಕ್ಕೆ ಗೊತ್ತಿರಲಿಲ್ಲ."

ಹೌದಲ್ಲ ಅನ್ನಿಸಿತು. ಮರ ಬೆಳೆಸುವುದೇ ಉದ್ದೇಶವಾದರೆ ಶಾಲೆಯೇ ಯಾಕೆ, ಗೋಮಾಳ ಇದೆ, ನಾಲೆ ಏರಿ ಇದೆ. ಶಾಲೆಯಲ್ಲಿ ಮಾಡುವುದಾದರೆ ಅದು ಪಾಠವಾಗಬೇಕು. ಮರ ಆಮೇಲೆ.

ಬೇಲಿ ಹೋಯಿತು, ಹೆಸರೂ ಹೋಯಿತು

ಆ ಮಳೆಗಾಲದಲ್ಲಿ ಆರು, ಏಳನೇ ಕ್ಲಾಸಿನ ಮಕ್ಕಳ ಮುಂದೆ ಹತ್ತು ಥರದ ಸೊಪ್ಪು ಹರಡಿ ಹೆಸರು ಕೇಳಿದೆ. ಬೇವು, ಹೊಂಗೆ, ಹುಣಸೆ ಹೇಳಿದರು. ಕಾರೆ, ಕವಳೆ, ಬಂದರಿಕೆ, ಲಕ್ಕಿ, ಬೇಲ — ಒಂದೂ ಗೊತ್ತಿಲ್ಲ. ನಾವು ಅದೇ ಶಾಲೆಯಿಂದ ಮನೆಗೆ ಹೋಗುವಾಗ ಕಾರೆ ಹಣ್ಣು, ಕವಳೆ ಹಣ್ಣು ಕಿತ್ತು ತಿಂದುಕೊಂಡೇ ಹೋಗುತ್ತಿದ್ದೆವು.

ಮಕ್ಕಳ ತಪ್ಪಲ್ಲ. ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ನಾಲೆ ಬಂದ ಮೇಲೆ ಭತ್ತ, ಕಬ್ಬು ಬಂತು. ಒಂದೊಂದು ಅಡಿ ಭೂಮಿಗೂ ಬೆಲೆ ಬಂತು. ಹೊಲದ ಸುತ್ತ ಎರಡು ಮಾರು ಅಗಲ ಇದ್ದ ಬೇಲಿಸಾಲು ಹೋಗಿ ಕಲ್ಲುಕಂಬ, ತಂತಿ ನಿಂತಿತು. ನಾನೂ ನನ್ನ ಬೇಲಿ ಕಡಿದವನೇ. ಊರಿಗೊಂದು ಗುಂಡುತೋಪು ಇರುತ್ತಿತ್ತು: ಮಾವು, ಹಿಪ್ಪೆ, ನೇರಳೆ, ಹುಣಸೆ. ನಮ್ಮೂರ ತೋಪು ಈಗ ಹೆಸರಿಗೆ ಮಾತ್ರ.

ನಂಜನಗೂಡು ರಸಬಾಳೆಯ ಕಥೆ ಎಲ್ಲರಿಗೂ ಗೊತ್ತು. ಸೊರಗು ರೋಗ ಬಂದು ತೋಟಗಳೇ ಖಾಲಿಯಾದವು. ಈ ಹಣ್ಣಿನ ರುಚಿ ನೋಡದ ಮಕ್ಕಳು ಈ ತಾಲ್ಲೂಕಿನಲ್ಲೇ ಬೇಕಾದಷ್ಟಿದ್ದಾರೆ. ಆದರೆ ರಸಬಾಳೆಗೆ ಹೆಸರಿದೆ, ಉಳಿಸಬೇಕು ಅನ್ನುವವರಿದ್ದಾರೆ. ಕಾರೆಗೆ ಯಾರಿದ್ದಾರೆ? ಅದು ಯಾವ ನರ್ಸರಿಯಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಪರಿಸರ ಪಾಠ ಹೊಸದೇನಲ್ಲ. ಶಾಲೆಗಳಲ್ಲಿ ಪರಿಸರ ವಿಷಯ ಕಡ್ಡಾಯ ಆಗಬೇಕು ಎಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತ್ತು, 2003ರಲ್ಲಿ ಮತ್ತೆ ಒತ್ತಿ ಹೇಳಿತು. ಪುಸ್ತಕದಲ್ಲಿ ಬಂದಿದೆ. ಪುಸ್ತಕದಿಂದ ಕೈಗೆ ಬರಬೇಕಾದ್ದು ಬಾಕಿ. ಮಕ್ಕಳು ಮಾಡಿ ಕಲಿಯಬೇಕು ಅನ್ನುವ ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾದದ್ದು ನಮ್ಮದೇ ಜಿಲ್ಲೆಯ ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ. ಆದ್ದರಿಂದ ಮೇಷ್ಟ್ರುಗಳಿಗೆ ಈ ಮಾತು ಅರ್ಥ ಮಾಡಿಸುವುದು ಕಷ್ಟ ಆಗಲಿಲ್ಲ.

ಯಾವ ಗಿಡ?

ಗಿಡದ ಪಟ್ಟಿಯನ್ನು ಪೇಟೆಯಿಂದ ತರಲಿಲ್ಲ. ನಮ್ಮವ್ವನನ್ನು ಕರೆದುಕೊಂಡು, ಹದಿನೈದು ಮಕ್ಕಳ ಜೊತೆ ನಾಲೆ ಏರಿ, ಹಳ್ಳದ ದಂಡೆ, ಉಳಿದ ಎರಡು ಬೇಲಿ, ಮಾರಮ್ಮನ ಗುಡಿ ಹಿಂದಿನ ಪೊದೆ — ಇಷ್ಟನ್ನು ಮೂರು ಶನಿವಾರ ಸುತ್ತಿದೆವು. ಅವ್ವ ಹೆಸರು ಹೇಳಿದಂತೆ ಒಬ್ಬಳು ಹುಡುಗಿ ಬರೆದುಕೊಂಡಳು. 43 ಹೆಸರಾಯಿತು. ನಮ್ಮ ನೆಲ ಯಾವ ಗಿಡ ಸಾಕುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪಟ್ಟಿ ಇಲ್ಲ.

ಈ ಎರಡು ತಾಲ್ಲೂಕಿನವರಿಗೆ ನನ್ನ ಸಲಹೆ ಹೀಗೆ:

ಕೆಂಪು ಒಣಭೂಮಿ: ಬೇವು, ಕಕ್ಕೆ, ಬಾಗೆ, ಬೇಲ, ಬಿಳಿಜಾಲಿ, ದಿಂಡಿಗ, ನೆಲ್ಲಿ.

ಎರೆಭೂಮಿ: ಬೇವು, ಮುತ್ತುಗ, ಗೊಬ್ಬಳಿ ಜಾಲಿ, ಹುಣಸೆ.

ಕಪಿಲೆ, ಕಾವೇರಿ ದಂಡೆ, ನಾಲೆ ಕೆಳಗಿನ ತೇವದ ಜಾಗ: ಹೊಳೆಮತ್ತಿ, ಅತ್ತಿ, ನೇರಳೆ, ಹೊಂಗೆ, ಹಿಪ್ಪೆ.

ಎಲ್ಲಾ ಕಡೆಗೂ ಕೆಳಗಿನ ಹಂತಕ್ಕೆ: ಕಾರೆ, ಕವಳೆ, ಎಲಚಿ, ಕರಿಬೇವು, ಲಕ್ಕಿ, ಬಂದರಿಕೆ, ತಂಗಡಿ.

ಹುಣಸೆಯ ಮೂಲ ಆಫ್ರಿಕ. ಬಂದು ಎಷ್ಟೋ ಕಾಲ ಆಗಿ ನಮ್ಮದೇ ಆಗಿದೆ. "ಹಂಗಾರೆ ಅದು ನಮ್ದಾ, ಹೊರಗಿಂದಾ?" ಎಂದು ಮಕ್ಕಳು ಒಂದು ಪೀರಿಯಡ್ ಪೂರ್ತಿ ವಾದ ಮಾಡಿದರು. ಅದೂ ಪಾಠವೇ.

ಹಾಕಬಾರದವು ಕೆಲವು ಇವೆ. ಗುಲಗಂಜಿ ನೋಡಲು ಚೆಂದ. ತಿರುಮಕೂಡಲಿನ ಗುಂಜಾ ನರಸಿಂಹಸ್ವಾಮಿಯ ಹೆಸರಲ್ಲೇ ಗುಲಗಂಜಿ ಇದೆ. ಆದರೆ ಬೀಜ ಜಗಿದು ನುಂಗಿದರೆ ಕಡು ವಿಷ. ಕಣಗಿಲೆ, ಉಮ್ಮತ್ತಿ, ಹರಳು, ಮರಹರಳು ಇವೂ ಶಾಲೆಗೆ ಬೇಡ. ಗಂಧ ಬೇಡ; ಕಳ್ಳರಿಗೆ ಕರೆಯೋಲೆ ಕೊಟ್ಟ ಹಾಗೆ. ಸುಬಾಬುಲ್, ಸೀಮೆಜಾಲಿ ಬೇಡ. ಒಮ್ಮೆ ಬಂದರೆ ಬಿಡುವುದಿಲ್ಲ.

ಎಷ್ಟು ಗಿಡ?

ಆಗ ಎಲ್ಲರ ಬಾಯಲ್ಲಿ ಮಿಯಾವಾಕಿ ಕಾಡಿನ ಮಾತು. ಅಕಿರಾ ಮಿಯಾವಾಕಿ ಜಪಾನಿನ ಸಸ್ಯವಿಜ್ಞಾನಿ, 2021ರಲ್ಲಿ ತೀರಿಕೊಂಡರು. ಅವರು ಅಲ್ಲಿಯ ದೇವಸ್ಥಾನಗಳ ಸುತ್ತ ಉಳಿದಿದ್ದ ಹಳೆಯ ಕಾಡು ನೋಡಿ, ಆ ಸೀಮೆಯ ಮೂಲ ಗಿಡಗಳನ್ನೇ ಒತ್ತೊತ್ತಾಗಿ ನೆಟ್ಟು ಕಾಡು ಬೆಳೆಸಿದರು. ನಮ್ಮ ದೇವರಕಾಡಿನ ಲೆಕ್ಕವೇ. ನಮ್ಮ ಗಿಡ ನಮ್ಮ ನೆಲಕ್ಕೆ ಅನ್ನುವ ಅವರ ಮೊದಲ ಪಾಠವನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆವು.

ಒತ್ತಿನ ಲೆಕ್ಕ ಮಾತ್ರ ತೆಗೆದುಕೊಳ್ಳಲಿಲ್ಲ. ಆ ಪದ್ಧತಿಯಲ್ಲಿ ಚದರ ಮೀಟರಿಗೆ ಮೂರು, ನಾಲ್ಕು ಗಿಡ. ಎರಡು ಗುಂಟೆ ಅಂದರೆ ಸುಮಾರು 200 ಚದರ ಮೀಟರ್. 600ರಿಂದ 800 ಗಿಡ ಆಯಿತು. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರ್ ಆಸುಪಾಸು. ಈ ಮಳೆಗೆ ತಾನಾಗಿ ಬರುವುದು ಕುರುಚಲು ಕಾಡು, ಎಲೆ ಉದುರಿಸುವ ಬಿಡಿಬಿಡಿ ಮರ. 600 ಗಿಡಕ್ಕೆ ಎರಡು ಬೇಸಿಗೆ ನೀರು ಹೊರುವವರು ಯಾರು? ಒಳಗೆ ಕಾಲಿಡಲು ಜಾಗವಿಲ್ಲದ ಕಾಡಿನಲ್ಲಿ ಪಾಠ ಮಾಡುವುದು ಹೇಗೆ?

ನಾವು ಶಾಲೆಯ ಹಿಂದೆ 50 ಅಡಿಗೆ 44 ಅಡಿ ಅಳೆದೆವು. ನಾಲ್ಕಡಿಗೊಂದು ಗಿಡ ಅಂದರೆ 137. ನಡುವೆ ಓಡಾಡುವ ದಾರಿಗೆ ಬಿಟ್ಟು 120 ಉಳಿಯಿತು. ದೊಡ್ಡ ಮರ 24, ಸಣ್ಣ ಮರ 36, ಪೊದೆಗಿಡ 60. ದೊಡ್ಡವನ್ನು ಕಟ್ಟಡದಿಂದ ದೂರ ಹಾಕಿದೆವು. ಆಲ, ಗೋಣಿ, ಅರಳಿ ಎರಡು ಗುಂಟೆಯಲ್ಲಿ ಬೇಡ. ಗೋಡೆಯೂ ಉಳಿಯದು, ಉಳಿದ ಗಿಡಗಳೂ ಉಳಿಯವು.

ಬೀಜ, ನೆಲ, ನೀರು

ಸಸಿ ಕೊಳ್ಳಲಿಲ್ಲ. 2018ರ ಜೂನ್‌ನಿಂದ ಒಂದು ವರ್ಷ ಮಕ್ಕಳೇ ಬೀಜ ಆಯ್ದು ಸಸಿ ಮಾಡಿದರು. ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ಟಿಗೆ ತಳದಲ್ಲಿ ಮೂರು ತೂತು. ಕೆಂಪುಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮಪಾಲು.

ಬೀಜದ ವಿಷಯದಲ್ಲಿ ನೆನಪಿಡಬೇಕಾದ್ದು ಎರಡೇ. ಬೇವು, ನೇರಳೆ, ಹಿಪ್ಪೆ ಬೀಜಕ್ಕೆ ಆಯಸ್ಸು ಕಮ್ಮಿ. ಮಳೆಗಾಲದ ಮೊದಲಲ್ಲಿ ಉದುರುತ್ತಲೇ ಹಾಕಬೇಕು. ಡಬ್ಬಿಯಲ್ಲಿಟ್ಟು ಮರೆತರೆ ಹೋಯಿತು. ಕಕ್ಕೆ, ಬಾಗೆಗೆ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ನೀರಿಗೆ ಹಾಕಿ ರಾತ್ರಿಯಿಡೀ ಬಿಡಬೇಕು, ಇಲ್ಲವೇ ಒರಟು ಕಲ್ಲಿಗೆ ಒಂದು ಕಡೆ ಉಜ್ಜಬೇಕು. ಹೊಂಗೆ, ಹುಣಸೆಯನ್ನು ನೇರ ಗುಂಡಿಗೇ ಊರಿದರೂ ಆಗುತ್ತದೆ. ತಾಯಿಬೇರು ಮುರಿಯದೆ ಗಟ್ಟಿ ಬರುತ್ತದೆ.

ಇತ್ತ ನೆಲ ಸುಮ್ಮನೆ ಬಿಡಲಿಲ್ಲ. 2018ರ ಮುಂಗಾರಿಗೆ ಹಾರೆ, ಪಿಕಾಸಿಯಲ್ಲಿ ಅಗೆದು ಹುರುಳಿ, ಅಪ್ಸೆಣಬು ಚೆಲ್ಲಿದೆವು. ಹೂವಿಗೆ ಬಂದಾಗ ಮಗುಚಿದೆವು. ಮಾರನೇ ವರ್ಷ ಬೇಸಿಗೆಯಲ್ಲಿ ಒಂದೂವರೆ ಅಡಿ ಗುಂಡಿ, ಗುಂಡಿಗೊಂದು ಮಂಕರಿ ಕೆರೆಗೋಡು, ಅರ್ಧ ಮಂಕರಿ ಗೊಬ್ಬರ. ರೋಹಿಣಿ ಮಳೆ ಕುಡಿಯಲು ಬಿಟ್ಟು, 2019ರ ಜುಲೈನಲ್ಲಿ ಪುನರ್ವಸು ಹದಕ್ಕೆ ನೆಟ್ಟೆವು. ಸತ್ತ ಜಾಗಕ್ಕೆ ಉತ್ತರೆ, ಹಸ್ತದಲ್ಲಿ ಮರುನಾಟಿ. ಬಿಚ್ಚಿದ ಹಾಲಿನ ಪ್ಯಾಕೆಟ್ಟುಗಳನ್ನು ಎಣಿಸಿ ಒಂದೂ ನೆಲಕ್ಕೆ ಬೀಳದಂತೆ ಹಿಂದಕ್ಕೆ ತೆಗೆದುಕೊಂಡದ್ದು ಐದನೇ ಕ್ಲಾಸು.

ಮೇಲುಹೊದಿಕೆಗೆ ಕಬ್ಬಿನ ತರಗು. ಎಲ್ಲರೂ ಗದ್ದೆಯಲ್ಲಿ ಸುಡುವುದನ್ನು ಎರಡು ಗಾಡಿ ತಂದು ಒಂದು ಗೇಣು ದಪ್ಪ ಹಾಸಿದೆವು. ಕೆಂಪುನೆಲದಲ್ಲಿ ಗೆದ್ದಲು ಬರುತ್ತದೆ, ಆದ್ದರಿಂದ ಬುಡದಿಂದ ಒಂದು ಗೇಣು ಬಿಟ್ಟು ಹಾಸಬೇಕು. ನಾವು ಮೊದಲು ಬುಡಕ್ಕೇ ಒತ್ತಿ ಹನ್ನೊಂದು ಸಸಿ ಕಳೆದುಕೊಂಡೆವು.

ಬೇಲಿಗೆ ಮೊದಲ ಎರಡು ವರ್ಷ ಜಾಲಿಮುಳ್ಳು, ಅದರ ಒಳಮಗ್ಗುಲಲ್ಲಿ ಆಡುಸೋಗೆ, ಲಕ್ಕಿ, ಬಂದರಿಕೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಆಡುಸೋಗೆಯನ್ನು ಮಾತ್ರ ಅದು ಮುಟ್ಟುವುದಿಲ್ಲ. ಕಡ್ಡಿ ಊರಿದರೆ ಚಿಗುರುತ್ತದೆ. ಮೂರನೇ ವರ್ಷ ಒಣಮುಳ್ಳು ತೆಗೆದುಬಿಟ್ಟೆವು; ಬರಿಗಾಲಿನ ಮಕ್ಕಳಿರುವ ಜಾಗ.

ನೀರಿಗೆ ಬಿಸಿಯೂಟದ ತಟ್ಟೆ ತೊಳೆಯುವ ಜಾಗದಿಂದ ಒಂದು ಕಾಲುವೆ. 80 ಮಕ್ಕಳು ತಲಾ ಎರಡು ಲೀಟರ್ ಅಂದರೂ ದಿನಕ್ಕೆ 160 ಲೀಟರ್. ಅನ್ನದ ಅಗುಳು ತಡೆಯಲು ಬುಟ್ಟಿಯಲ್ಲಿ ಮರಳು.

ರಜದಲ್ಲಿ ಈ ನೀರೂ ಇಲ್ಲ. 120 ಗಿಡಕ್ಕೆ ವಾರಕ್ಕೆ ಐದೈದು ಲೀಟರ್ ಅಂದರೆ 600 ಲೀಟರ್. 200 ಲೀಟರಿನ ಮೂರು ಡ್ರಮ್ಮು. ಶಾಲೆಯ ಹತ್ತಿರದ ಏಳು ಮನೆಯವರು ವಾರಕ್ಕೊಂದು ಮನೆಯಂತೆ ಒಪ್ಪಿಕೊಂಡರು. ಹೆಸರು, ವಾರ ಬರೆದ ಹಾಳೆ ಹಾಲಿನ ಡೇರಿ ಗೋಡೆಗೆ ಅಂಟಿಸಿದೆವು. ಹಾಲು ಹಾಕಲು ಬಂದವರೆಲ್ಲ ಓದುತ್ತಾರೆ, ತಪ್ಪಿಸಿಕೊಳ್ಳುವುದು ಕಷ್ಟ! ಹಿಪ್ಪೆ, ನೇರಳೆ ಬುಡದಲ್ಲಿ ತೂತಿಗೆ ಬಟ್ಟೆಬತ್ತಿ ಇಟ್ಟ ಹಳೇ ಮಡಕೆ ಹೂಳಿದೆವು. ಒಮ್ಮೆ ತುಂಬಿದರೆ ನಾಲ್ಕೈದು ದಿನ ತಂಪು.

ಮೊದಲ ಬೇಸಿಗೆಗೇ ದೊಡ್ಡ ಪರೀಕ್ಷೆ. 2020ರ ಮಾರ್ಚ್‌ನಲ್ಲಿ ಕೊರೋನಾಗೆ ಶಾಲೆ ಮುಚ್ಚಿತು. ಎರಡು ತಿಂಗಳ ರಜಕ್ಕೆ ಮಾಡಿದ ವ್ಯವಸ್ಥೆ ವರ್ಷಗಟ್ಟಲೆ ಎಳೆಯಬೇಕಾಯಿತು. ಡೇರಿ ಗೋಡೆಯ ಹಾಳೆ ಇತ್ತು, ಉಳಿದುಕೊಂಡೆವು. ಆ ಆಗಸ್ಟ್‌ನಲ್ಲಿ ಮೇಷ್ಟ್ರುಗಳು ವಿದ್ಯಾಗಮ ಅಂತ ಜಗಲಿ, ಮರದ ನೆರಳಿನಲ್ಲಿ ಪಾಠ ಮಾಡಿದಾಗ ನಮ್ಮ ಗಿಡ ಮಂಡಿಯೆತ್ತರ. ನೆರಳಿರಲಿಲ್ಲ, ಪಾಠಕ್ಕೆ ವಸ್ತು ಇತ್ತು. ಎರಡು ಬೇಸಿಗೆ ಕಳೆದ ಮೇಲೆ ಎಣಿಸಿದರೆ ಮೊದಲು ನೆಟ್ಟ 120ರಲ್ಲಿ 91 ಬದುಕಿದ್ದವು.

ಒಳಗೆ ನಡೆಯುವ ಪಾಠ

ಇದು ಮುಖ್ಯ. ಯಾವ ಸಲಕರಣೆಯೂ ಬೇಡದ ಆರು ಪಾಠ ಕೊಟ್ಟಿದ್ದೇನೆ.

1. ಇಂಗುವ ಪಾಠ. ಎರಡೂ ಕಡೆ ಬಾಯಿ ತೆಗೆದ ಒಂದೇ ಅಳತೆಯ ಎರಡು ಡಬ್ಬ. ಒಂದನ್ನು ಆಟದ ಬಯಲಲ್ಲಿ, ಒಂದನ್ನು ಗಿಡದ ನಡುವೆ ಎರಡಿಂಚು ನೆಲಕ್ಕೆ ಒತ್ತಿ, ಒಂದೊಂದು ಲೀಟರ್ ನೀರು ಹಾಕಿ, ಗಡಿಯಾರ ನೋಡುವುದು. ಬಯಲಲ್ಲಿ ನೀರು ನಿಂತೇ ಇರುತ್ತದೆ. ಬೋರ್‌ವೆಲ್ ಯಾಕೆ ಬತ್ತಿತು ಅನ್ನುವ ಮಾತು ತಾನಾಗಿ ಬರುತ್ತದೆ.

2. ಮೊಳಕೆ ಪಾಠ. 60 ಕಕ್ಕೆ ಬೀಜ ಮೂರು ಪಾಲು. ಒಂದು ಹಾಗೇ, ಒಂದು ಬಿಸಿನೀರು, ಒಂದು ಉಜ್ಜಿದ್ದು. ದಿನಾ ಎಣಿಸಿ ಬರೆಯಬೇಕು. ಶೇಕಡಾ ಲೆಕ್ಕ ಇಲ್ಲೇ ಕಲಿತುಬಿಡುತ್ತಾರೆ.

3. ನೆರಳಿನ ಪಾಠ. ಮೂರಡಿ ಕೋಲಿನ ನೆರಳು ಎರಡಡಿ. ಅದೇ ಹೊತ್ತಿಗೆ ಬೇವಿನ ನೆರಳು ಎಂಟಡಿ. ಮರ ಎಷ್ಟೆತ್ತರ? ಹನ್ನೆರಡು ಅಡಿ. ಪ್ರತಿ ಜನವರಿಯಲ್ಲಿ ಅಳೆದು ಬರೆದರೆ ಬೆಳವಣಿಗೆ ಸಿಕ್ಕಿತು.

4. ಕಸದ ಪಾಠ. ಈರುಳ್ಳಿ ಬಲೆಚೀಲ ಮೂರು. ಒಂದರಲ್ಲಿ ಹೊಂಗೆ ಎಲೆ, ಒಂದರಲ್ಲಿ ನೀಲಗಿರಿ ಎಲೆ, ಒಂದರಲ್ಲಿ ಚಾಕೊಲೇಟ್ ಕಾಗದ. ಮಣ್ಣಲ್ಲಿ ಹೂತು ಮೂರು ತಿಂಗಳಿಗೆ ತೆಗೆದು ನೋಡುವುದು. ಯಾವುದು ಮಣ್ಣಾಯಿತು, ಯಾವುದು ಹಾಗೇ ಇದೆ — ನಾವು ಹೇಳಬೇಕಾಗಿಯೇ ಇಲ್ಲ.

5. ಹುಳದ ಪಾಠ. ಕರಿಬೇವಿನ ಎಲೆ ತಿನ್ನುವ ಹಸಿರು ಹುಳವನ್ನು ಸೊಪ್ಪಿನ ಸಮೇತ ಗಾಜಿನ ಬಾಟಲಿಯಲ್ಲಿಟ್ಟು ಬಟ್ಟೆ ಕಟ್ಟಿ. ದಿನಾ ಹೊಸ ಸೊಪ್ಪು. ಕೋಶ ಕಟ್ಟಿ, ಚಿಟ್ಟೆಯಾಗಿ ಬರುತ್ತದೆ. ಬಿಟ್ಟುಬಿಡಿ. ಕಕ್ಕೆಗೆ ಬೇರೆ ಚಿಟ್ಟೆ, ಎಕ್ಕಕ್ಕೆ ಬೇರೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಅದನ್ನು ದೂರದಿಂದಲೇ ನೋಡಿಸಿ. ಅತ್ತಿಹಣ್ಣು ಒಡೆದು ತೋರಿಸುವುದೂ ಈ ಪಾಠಕ್ಕೇ ಸೇರಿದ್ದು. ಅದರ ಹೂವು ಕಾಯಿಯ ಒಳಗೇ ಇದೆ. ಪರಾಗ ಮುಟ್ಟಿಸಲು ಸಣ್ಣ ಕಣಜ ಒಳಗೆ ಹೋಗಬೇಕು.

6. ಹೆಸರಿನ ಪಾಠ. ಪ್ರತಿ ಮಗು ಒಂದು ಗಿಡದ ಬಗ್ಗೆ ಮನೆಯ ಅಜ್ಜಿ, ತಾತನ ಹತ್ತಿರ ಕೇಳಿ ಅರ್ಧ ಪುಟ ಬರೆಯಬೇಕು: ಏನು ಕರೀತಾರೆ, ಏತಕ್ಕೆ ಬಳಸ್ತಿದ್ದರು, ಎಲ್ಲಿತ್ತು. ನೇರಳೆ, ಆಲಂಬೂರು, ಮುಳ್ಳೂರು, ಹುಲ್ಲಹಳ್ಳಿ ನಂಜನಗೂಡಿನ ಕಡೆ, ಆಲಗೂಡು ತಿ.ನರಸೀಪುರದ ಕಡೆ. ಈ ಊರುಗಳಿಗೆ ಹೆಸರು ಹೇಗೆ ಬಂದಿರಬಹುದು ಅನ್ನುವ ಚರ್ಚೆಗೆ ಮಕ್ಕಳು ಮುಗಿಬಿದ್ದರು.

ಇಷ್ಟನ್ನೂ ಬರೆಯಲು ಒಂದು ದಪ್ಪ ರಿಜಿಸ್ಟರು. "ಕಾಡಿನ ಪುಸ್ತಕ" ಅಂತ ಮಕ್ಕಳೇ ಹೆಸರಿಟ್ಟರು. ಏಳನೇ ಕ್ಲಾಸು ಮುಗಿಸಿ ಹೋಗುವವರು ಆರನೆಯವರಿಗೆ ಒಪ್ಪಿಸುತ್ತಾರೆ.

ಕಡಿಯಿರಿ ಅಂದ ದಿನ

ಇಲ್ಲಿಗೆ ಲೇಖನ ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ.

2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿ ತನಕ ತಿ.ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ಕು ಜನ ಸತ್ತರು. ಕಾಲೇಜಿಗೆ ಹೋಗುವವರಿದ್ದರು, ವಯಸ್ಸಾದ ಹೆಂಗಸು ಇದ್ದರು, ಒಬ್ಬ ಶಾಲಾ ಬಾಲಕನೂ ಇದ್ದ. ಸರ್ಕಾರ ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ಮಾಡಿತು. ಆ ದಿನಗಳಲ್ಲಿ ಸಂಜೆ ಐದಕ್ಕೆ ನಮ್ಮೂರ ಬೀದಿ ಖಾಲಿ. ಕಬ್ಬಿಗೆ ನೀರು ಕಟ್ಟಲು ಒಬ್ಬರೇ ಹೋಗುತ್ತಿರಲಿಲ್ಲ.

ಆ ಜನವರಿ ಕೊನೆಯಲ್ಲಿ ಎಸ್‌ಡಿಎಂಸಿ ಸಭೆ ಕರೆದರು. ಒಂದೇ ವಿಷಯ: ಶಾಲೆಯ ಹಿಂದಿನ ಪೊದೆ. ಒಬ್ಬ ಅಜ್ಜಿ ಎದ್ದು ನಿಂತರು: "ಕಾಡು ಬೇಕಾದ್ರೆ ನಿಮ್ ಜಮೀನ್ಲಿ ಮಾಡ್ಕಳಿ ಕನಪ್ಪ. ನನ್ ಮೊಮ್ಮಗ ಓದೋ ಜಾಗ್ದಲ್ಲಿ ಬ್ಯಾಡ."

ಕಬ್ಬಿನ ಗದ್ದೆ ಚಿರತೆಗೆ ಇದಕ್ಕಿಂತ ದೊಡ್ಡ ಮರೆ ಅಂತ ವಾದ ಮಾಡಬಹುದಿತ್ತು. ಮಾಡಲಿಲ್ಲ. ಮಗು ಕಳೆದುಕೊಂಡ ಮನೆ ಅದೇ ತಾಲ್ಲೂಕಿನಲ್ಲಿರುವಾಗ ಆ ಮಾತಿಗೆ ಅರ್ಥವಿಲ್ಲ. "ಕಡಿಯೋ ಮೊದ್ಲು ಒಂದ್ಸಲ ಎಲ್ರೂ ಬಂದು ನೋಡಿ" ಅಂದೆ ಅಷ್ಟೇ.

ಮಾರನೇ ದಿನ ಇಪ್ಪತ್ತು ಜನ ಬಂದರು, ನಾಲ್ಕೈದು ಕುಡುಗೋಲೂ ಬಂದವು. ಹೆಡ್‌ಮೇಷ್ಟ್ರು ದಾರಿಯ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಳಕ್ಕೆ ನೋಡಿದರು. ನಮಗೂ ಹಾಗೇ ನೋಡಲು ಹೇಳಿದರು. ಮುಂದಿನ ಅರ್ಧ ಆರಪಾರ ಕಾಣುತ್ತಿತ್ತು. ಹಿಂದಿನ ಮೂಲೆ, ಕವಳೆ, ಲಕ್ಕಿ ಹೆಣೆದುಕೊಂಡು ಗೋಡೆಗೆ ತಾಗಿದ ಜಾಗ, ಕತ್ತಲು. ಅಲ್ಲಿ ನಾಯಿ ಮಲಗಿದ್ದ ಗುರುತು. ಬಿಸಿಯೂಟದ ಉಳಿಕೆ ತಿಂದು ನಾಯಿಗಳು ಅಲ್ಲಿ ಮಲಗುತ್ತಿದ್ದವು. ಚಿರತೆಗೆ ನಾಯಿಯೇ ಆಹಾರ.

ತಪ್ಪು ನಮ್ಮದೇ. ಗಿಡ ಬದುಕಿಸುವುದನ್ನು ಕಲಿತಿದ್ದೆವು, ಆಳುವುದನ್ನು ಕಲಿತಿರಲಿಲ್ಲ. ಆ ಮೂಲೆಯ 31 ಪೊದೆಗಳನ್ನು ನಾವೇ ಕಡಿದೆವು. ಕಾಡು ಎರಡು ಗುಂಟೆಯಿಂದ ಒಂದೂವರೆಗೆ ಇಳಿಯಿತು.

ಅದರಲ್ಲಿ ಒಂದು ಕವಳೆ ಗಿಡವನ್ನು ಬೀಜದಿಂದ ಸಾಕಿದ್ದವಳು ಒಬ್ಬಳು ಹುಡುಗಿ. ನಾಲ್ಕನೇ ಕ್ಲಾಸಲ್ಲಿ ಹಾಕಿದ್ದು, ಈಗ ಏಳರಲ್ಲಿದ್ದಳು. ಬೇರೆ ಕಡೆ ನೆಡುತ್ತೇನೆ ಅಂದಳು. ಬೇರಿನ ಮುದ್ದೆ ಸಮೇತ ಕಿತ್ತು ಕೊಟ್ಟೆ, ಬಾವಿಯ ಹತ್ತಿರ ನೆಟ್ಟಳು. ಬೇಸಿಗೆ ಹತ್ತಿರ ಬಂದಿತ್ತು, ಬದುಕಲಿಲ್ಲ. ಕಾಡಿನ ಪುಸ್ತಕದಲ್ಲಿ ಅದು ನೆಟ್ಟ ದಿನದ ಎದುರಿಗೆ ಒಣಗಿದ ದಿನವನ್ನೂ ಬರೆದಿದ್ದಾಳೆ.

ಅಂದಿನಿಂದ ನಾವು ಪಾಲಿಸುವ ಕಟ್ಟಳೆ ಇವು. ಹೊಸದಾಗಿ ಮಾಡುವವರು ಮೊದಲ ದಿನದಿಂದಲೇ ಪಾಲಿಸಿ:

ಕಾಡು ಸಣ್ಣದಿರಲಿ, ಕ್ಲಾಸಿನ ಬಾಗಿಲಿನಿಂದ ಕಾಣುವಂತಿರಲಿ. ಗೋಡೆಗೆ ತಾಗಬಾರದು, ಸುತ್ತ ಎಂಟಡಿ ಬೋಳು ದಾರಿ. ದಾರಿ ನೇರ ಇರಲಿ, ಈ ತುದಿಯಲ್ಲಿ ನಿಂತರೆ ಆ ತುದಿ ಕಾಣಬೇಕು. ಮರಗಳ ಕೆಳಗಿನ ರೆಂಬೆ ನಾಲ್ಕಡಿ ತನಕ ಸವರಿ. ಪೊದೆಗಳು ಮಗುವಿನ ಸೊಂಟಕ್ಕಿಂತ ಎತ್ತರ ಹೋಗದಂತೆ ವರ್ಷಕ್ಕೆ ಎರಡು ಸಲ ಕತ್ತರಿಸಿ, ಸೊಪ್ಪು ಅಲ್ಲೇ ಹಾಸಿ. ಬಿಸಿಯೂಟದ ಉಳಿಕೆ ಮುಚ್ಚಳ ಇರುವ ಗೊಬ್ಬರ ಗುಂಡಿಗೇ ಹೋಗಬೇಕು. ದೊಡ್ಡವರು ಮೊದಲು ಒಂದು ಸುತ್ತು ಬಂದ ಮೇಲೆ ಮಕ್ಕಳು ಒಳಗೆ. ಒಂಟಿಯಾಗಿ ಯಾರೂ ಇಲ್ಲ, ಶಾಲೆ ಬಿಟ್ಟ ಮೇಲೆ ಯಾರೂ ಇಲ್ಲ. ಕಲ್ಲು, ತರಗಿನ ರಾಶಿಗೆ ಕೈ ಹಾಕಬಾರದು. ಹಾವು ಕಂಡರೆ ಹಿಂದೆ ಸರಿದು ಮೇಷ್ಟ್ರಿಗೆ ಹೇಳಬೇಕು. ಕಾಡಂಚಿನ ಊರಾದರೆ ಗಿಡ ನೆಡುವ ಮೊದಲೇ ಅರಣ್ಯ ಇಲಾಖೆಯವರನ್ನು ಕರೆಸಿ ಜಾಗ ತೋರಿಸಿ. ಬೇಡ ಅಂದರೆ ಬೇಡ.

ಕೊನೆಗೆ

ಈಗ ನೆಟ್ಟು ಆರು ವರ್ಷ ದಾಟಿದೆ. ಕಕ್ಕೆ ಹೂ ಬಿಟ್ಟಿದೆ. ಬೇವಿನ ಕೆಳಗೆ ಒಂದು ಕ್ಲಾಸು ಕೂರುವಷ್ಟು ನೆರಳಿದೆ. ಹೋದ ವರ್ಷ ಮತ್ತೆ ಹತ್ತು ಥರದ ಸೊಪ್ಪು ಹರಡಿ ಹೆಸರು ಕೇಳಿದೆ. ಆರನೇ ಕ್ಲಾಸಿನವರು ಹತ್ತಕ್ಕೆ ಒಂಬತ್ತು ಹೇಳಿದರು. ತಪ್ಪಿದ್ದು ದಿಂಡಿಗ, ಅದು ನಮ್ಮಲ್ಲಿ ಸತ್ತುಹೋಗಿತ್ತು.

ದುಡ್ಡಿನ ಖರ್ಚು ಹೇಳಿಕೊಳ್ಳುವಂಥದ್ದಿಲ್ಲ. ಬೀಜ ಬೇಲಿಯದು, ಗೊಬ್ಬರ ಕೊಟ್ಟಿಗೆಯದು, ತರಗು ಗದ್ದೆಯದು. ಖರ್ಚಾದದ್ದು ಹೊತ್ತು. ವರ್ಷಕ್ಕೊಂದು ದಿನ ನೂರು ಜನ ಬರುವುದಕ್ಕಿಂತ, ಮೂರು ವರ್ಷ ವಾರಕ್ಕೊಮ್ಮೆ ಬರುವ ಇಬ್ಬರು ಬೇಕು. ಊರಲ್ಲಿ ಅಂಥ ಇಬ್ಬರು ಸಿಗುವ ತನಕ ಗುಂಡಿ ತೆಗೆಯಬೇಡಿ.

ಆ ಅಜ್ಜಿ ಇನ್ನೂ ಪೂರ್ತಿ ಒಪ್ಪಿಲ್ಲ. ಸಂಜೆ ಮೊಮ್ಮಗನನ್ನು ಕರೆಯಲು ಬಂದಾಗ ದಾರಿಯ ತುದಿಯಲ್ಲಿ ನಿಂತು, ಸ್ವಲ್ಪ ಬಗ್ಗಿ, ಆ ಕಡೆ ತನಕ ಒಮ್ಮೆ ಕಣ್ಣಾಡಿಸಿಯೇ ಅವನನ್ನು ಕೂಗುತ್ತಾರೆ. ಅವರು ಹಾಗೆ ನೋಡುವುದೇ ಒಳ್ಳೆಯದು. ಆ ಕಡೆ ಕಾಣದ ದಿನ ನಮಗೆ ಮೊದಲು ಹೇಳುವವರು ಅವರೇ.